ಮೇಪಲ್ ಬೇಡ, ಸಾಗಡೆ ನೆಡೋಣ

ಅಕ್ಟೋಬರ್ ತಿಂಗಳು ಬಂತೆಂದರೆ, ಕೆನಡಾದಲ್ಲೋ ಅಮೆರಿಕದಲ್ಲೋ ನೆಲೆಸಿರುವ ಮಕ್ಕಳು, ಅಳಿಯಂದಿರು, ಅಣ್ಣತಮ್ಮಂದಿರು ಕಳುಹಿಸುವ ಕೆಂಪು ಮೇಪಲ್ ಮರಗಳ ಚಿತ್ರಗಳು ನಮ್ಮ ಉಡುಪಿ, ಮಂಗಳೂರಿನ ಮನೆಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡತೊಡಗುತ್ತವೆ. ಅದರ ಬೆನ್ನಿಗೇ, ಗಿಡಮರಗಳ ವಿಷಯದಲ್ಲಿ ಆಸಕ್ತಿಯುಳ್ಳವರನ್ನು ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಇದು ನಮ್ಮಲ್ಲಿ ಆಗ್ತದಾ?" ಈ ಪ್ರಶ್ನೆ ನನಗೆ ಇಷ್ಟ. ಹೂವಿಗಾಗಿ, ಹಣ್ಣಿಗಾಗಿ, ನೆರಳಿಗಾಗಿ ಮರ ನೆಡುವವರು ಬೇಕಾದಷ್ಟು ಮಂದಿ ಇದ್ದಾರೆ; ಎಲೆಯ ಬಣ್ಣಕ್ಕಾಗಿಯೇ ಒಂದು ಮರವಿರಲಿ ಎಂದು ಬಯಸುವವರು ನಮ್ಮಲ್ಲಿ ಅಪರೂಪ. ಅಂಥ ಬಯಕೆ ಹುಟ್ಟಿದವರಿಗೆ ಸರಿಯಾದ ದಾರಿ ತೋರಿಸಬೇಕೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ನೇರವಾದ ಉತ್ತರ. ಕರಾವಳಿಯಲ್ಲಿ ಮೇಪಲ್ ಗಿಡವನ್ನು ಕುಂಡದಲ್ಲಿಟ್ಟು ಒಂದಷ್ಟು ಕಾಲ ಬದುಕಿಸಿಕೊಳ್ಳಬಹುದು, ಆದರೆ ಅದರಿಂದ ಬಣ್ಣ ಪಡೆಯುವುದು ಆಗದ ಮಾತು. ಎಲೆಯ ಬಣ್ಣವೇ ಮುಖ್ಯವೆಂದಾದರೆ, ಮೇಪಲ್‌ನ ಕುಟುಂಬಕ್ಕೇ ಸೇರಿದ ಸಾಗಡೆ ಮರವು ನಮ್ಮ ಘಟ್ಟದ ತಪ್ಪಲಿನ ಕಾಡುಗಳಲ್ಲಿ ವರ್ಷವರ್ಷವೂ ಕೆಂಪಾಗಿ ನಿಲ್ಲುತ್ತದೆ, ಮತ್ತು ಅದು ಕೆಂಪಾಗುವುದು ಮಾರ್ಚ್ ತಿಂಗಳ ಬಿಸಿಲಿನಲ್ಲಿ.

ಅಲಂಕಾರಕ್ಕೆಂದು ಜಗತ್ತಿನಾದ್ಯಂತ ಬೆಳೆಸುವುದು ಹೆಚ್ಚಾಗಿ ಜಪಾನಿ ಮೇಪಲನ್ನು. ಸ್ವೀಡನ್ನಿನ ಸಸ್ಯವಿಜ್ಞಾನಿ ಕಾರ್ಲ್ ಪೀಟರ್ ಥುನ್‌ಬರ್ಗ್ 1775–76ರಲ್ಲಿ ಜಪಾನಿನಲ್ಲಿದ್ದು, ಬಳಿಕ 1784ರಲ್ಲಿ ಅದಕ್ಕೆ ಏಸರ್ ಪಾಮೇಟಮ್ ಎಂಬ ವೈಜ್ಞಾನಿಕ ಹೆಸರನ್ನಿಟ್ಟ. ಬೆರಳು ಚಾಚಿದ ಅಂಗೈಯಂತೆ ಐದು, ಏಳು ಅಥವಾ ಒಂಬತ್ತು ಸೀಳುಗಳಿರುವ ಸಣ್ಣ ಎಲೆ, ಮೆಲ್ಲಗೆ ಬೆಳೆಯುವ ಸ್ವಭಾವ, ಕುಂಡಕ್ಕೂ ಬೋನ್ಸಾಯಿಗೂ ಒಗ್ಗುವ ಗಾತ್ರ, ಇವೆಲ್ಲ ಸೇರಿ ಅದನ್ನು ತೋಟಗಾರರ ಅಚ್ಚುಮೆಚ್ಚಿನ ಮರವನ್ನಾಗಿ ಮಾಡಿವೆ. ಬ್ಲಡ್‌ಗುಡ್, ಒಸಾಕಾಝುಕಿ, ಸಾಂಗೋಕಾಕು ಮುಂತಾದ ನೂರಾರು ತಳಿಗಳು ಬಳಕೆಯಲ್ಲಿವೆ. ಜಪಾನಿನಲ್ಲಿ ಶರತ್ಕಾಲದ ಎಲೆ ನೋಡಲೆಂದೇ ಬೆಟ್ಟಗಳಿಗೆ, ದೇವಾಲಯದ ತೋಟಗಳಿಗೆ ಹೋಗುವ ಮೊಮಿಜಿಗಾರಿ ಎಂಬ ಪದ್ಧತಿ ಶತಮಾನಗಳಿಂದ ನಡೆದುಬಂದಿದೆ. ಇಷ್ಟೆಲ್ಲ ಪ್ರೀತಿ ಪಡೆದ ಮರವನ್ನು ನಾವೂ ಬೆಳೆಸಬೇಕೆಂದುಕೊಳ್ಳುವುದು ಸಹಜವೇ.

ಅದು ಇಲ್ಲಿ ಏಕೆ ಒಗ್ಗುವುದಿಲ್ಲ ಎಂಬುದನ್ನು ತಿಳಿಯಬೇಕಾದರೆ ಎಲೆ ಕೆಂಪಾಗುವ ಬಗೆಯನ್ನು ನೋಡಬೇಕು. ಹಸಿರು ಎಲೆಯಲ್ಲಿ ಹಸಿರಿನ ಪತ್ರಹರಿತ್ತಿನ ಜೊತೆಗೆ ಹಳದಿಯ ಕೆರೋಟಿನಾಯ್ಡ್‌ಗಳು ಮೊದಲಿನಿಂದಲೂ ಇರುತ್ತವೆ. ಪತ್ರಹರಿತ್ತು ಕರಗಿದಾಗ ಅಡಗಿದ್ದ ಹಳದಿ ಹೊರಗೆ ಕಾಣುತ್ತದೆ. ಕೆಂಪಿನ ಕಥೆ ಬೇರೆ. ಕೆಂಪು ಕೊಡುವ ಆಂಥೋಸಯನಿನ್ ಎಂಬ ವರ್ಣದ್ರವ್ಯವನ್ನು ಮೇಪಲ್ ಎಲೆ ತನ್ನ ಕೊನೆಯ ದಿನಗಳಲ್ಲಿ ಹೊಸದಾಗಿ ತಯಾರಿಸಿಕೊಳ್ಳುತ್ತದೆ. ಹಗಲು ಕಿರಿದಾಗುತ್ತ ಬಂದು ರಾತ್ರಿ ತಂಪಾದಾಗ ಎಲೆತೊಟ್ಟಿನ ಬುಡದಲ್ಲಿ ಬೇರ್ಪಡೆಯ ಪದರವೊಂದು ಬೆಳೆಯತೊಡಗುತ್ತದೆ, ಎಲೆಯಿಂದ ಕೊಂಬೆಗೆ ಸಕ್ಕರೆ ಸಾಗುವುದು ನಿಧಾನವಾಗುತ್ತದೆ, ಎಲೆಯಲ್ಲೇ ಉಳಿದ ಸಕ್ಕರೆಯು ಬಿಸಿಲಿನ ನೆರವಿನಿಂದ ಆಂಥೋಸಯನಿನ್ ಆಗಿ ಬದಲಾಗುತ್ತದೆ. ಮರವು ಎಲೆಯಲ್ಲಿರುವ ಸಾರಜನಕವನ್ನು ಹಿಂದಕ್ಕೆ ಎಳೆದುಕೊಳ್ಳುವ ಆ ಹೊತ್ತಿನಲ್ಲಿ ತೀಕ್ಷ್ಣ ಬೆಳಕಿನಿಂದ ಎಲೆಯನ್ನು ಕಾಯುವುದು ಈ ಕೆಂಪಿನ ಕೆಲಸವೆಂಬುದು ವಿಜ್ಞಾನಿಗಳು ಕೊಡುವ ಪ್ರಮುಖ ವಿವರಣೆಗಳಲ್ಲೊಂದು. ಮೇಪಲ್ ಎಲೆಯೊಂದರ ಮೇಲೆ ಇನ್ನೊಂದು ಎಲೆ ಅಡ್ಡ ಬಂದಿದ್ದರೆ, ನೆರಳು ಬಿದ್ದಷ್ಟು ಜಾಗ ಹಳದಿಯಾಗಿಯೇ ಉಳಿದು, ಮೇಲಿನ ಎಲೆಯ ಅಚ್ಚು ಕೆಳಗಿನದರ ಮೇಲೆ ಮೂಡಿರುವುದನ್ನು ಕಾಣಬಹುದು. ಬಿಸಿಲಿನ ಹಗಲು ಮತ್ತು ಮಂಜುಗಟ್ಟದಷ್ಟು ಚಳಿಯ ರಾತ್ರಿ, ಇವೆರಡೂ ಒಟ್ಟಿಗೆ ಕೂಡಿ ಬಂದ ವರ್ಷ ಬಣ್ಣ ಗಾಢವಾಗುತ್ತದೆ.

ನಮ್ಮಲ್ಲಿ ಕೊರತೆಯಿರುವುದು ಈ ರಾತ್ರಿಯದ್ದು. ಕ್ಯೋಟೋದಲ್ಲಿ ನವೆಂಬರಿನ ರಾತ್ರಿಗಳು 10 ಡಿಗ್ರಿಗಿಂತ ಕೆಳಕ್ಕಿಳಿಯುತ್ತವೆ, ಜನವರಿಯಲ್ಲಿ ಸೊನ್ನೆಯ ಹತ್ತಿರ ಬರುತ್ತವೆ. ಮಂಗಳೂರಿನಲ್ಲಿ ಜನವರಿಯ ಸರಾಸರಿ ಕನಿಷ್ಠ ಉಷ್ಣತೆಯೂ 20 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಪಕ್ಕದಲ್ಲೇ ಇರುವ ಸಮುದ್ರ ಅದನ್ನು ಅದಕ್ಕಿಂತ ಹೆಚ್ಚು ಇಳಿಯಗೊಡುವುದಿಲ್ಲ. ಹಗಲಿನ ಉದ್ದವೂ ಹಾಗೆಯೇ. ಉಡುಪಿಯಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ತಾಸು ಮಾತ್ರ. ಕ್ಯೋಟೋದಲ್ಲಿ ಅದು ನಾಲ್ಕೂವರೆ ತಾಸಿಗೂ ಹೆಚ್ಚು. ಎಲೆ ಉದುರಿಸುವ ಕಾಲ ಬಂದಿದೆಯೆಂಬ ಸೂಚನೆ ಮೇಪಲ್‌ಗೆ ಇಲ್ಲಿ ಸಿಗುವುದೇ ಇಲ್ಲ. ಬಣ್ಣದ ಮಾತು ಹಾಗಿರಲಿ, ಎಲೆಯುದುರಿಸಿ ಸೊನ್ನೆಯಿಂದ ಏಳು ಡಿಗ್ರಿಯವರೆಗಿನ ಚಳಿಯಲ್ಲಿ ಹಲವು ವಾರ ನಿದ್ರಿಸಿದ ಮೇಲೆಯೇ ಅದರ ಮೊಗ್ಗುಗಳು ಸರಿಯಾಗಿ ಒಡೆಯುವುದು. ಆ ವಿಶ್ರಾಂತಿಯೇ ಸಿಗದ ಗಿಡ ಮಾರ್ಚ್, ಏಪ್ರಿಲ್‌ನ ಸೆಕೆಗೆ ಅಂಚು ಸುಟ್ಟುಕೊಂಡು, ಆಟಿಯ (ಜುಲೈ–ಆಗಸ್ಟ್‌ನ ತುಳು ತಿಂಗಳು) ಜಡಿಮಳೆಗೆ ಬೇರು ಕೊಳೆತು ವರ್ಷದಿಂದ ವರ್ಷಕ್ಕೆ ಸೊರಗುತ್ತದೆ. ನಮ್ಮ ಮಣ್ಣಿನದ್ದು ಇದರಲ್ಲಿ ತಪ್ಪಿಲ್ಲ ಎಂಬುದನ್ನೂ ಹೇಳಬೇಕು. ಮುರಕಲ್ಲಿನ (ಜಂಬಿಟ್ಟಿಗೆಯ) ಮೇಲಿನ ಕೆಂಪುಮಣ್ಣು ಹುಳಿಗುಣದ್ದು, ಮೇಪಲ್‌ಗೂ ತುಸು ಹುಳಿಮಣ್ಣೇ ಇಷ್ಟ.

ಬೀಜ ತರಿಸಿಕೊಳ್ಳುವವರಿಗೆ ಒಂದು ಎಚ್ಚರಿಕೆಯ ಮಾತು. ಆನ್‌ಲೈನಿನಲ್ಲಿ ಮಾರುವ ಪೊಟ್ಟಣಗಳ ಮೇಲೆ ನೀಲಿ ಎಲೆಯ ಮೇಪಲ್ ಚಿತ್ರ ಕಂಡರೆ ಆ ಕಡೆ ತಲೆ ಹಾಕಬೇಡಿ. ಅಂಥ ಮೇಪಲ್ ಭೂಮಿಯ ಮೇಲೆಲ್ಲೂ ಇಲ್ಲ, ಚಿತ್ರವನ್ನು ಕಂಪ್ಯೂಟರಿನಲ್ಲಿ ಬಣ್ಣ ಬದಲಿಸಿ ಮಾಡಿದ್ದು. ನಿಜವಾದ ಬೀಜ ಸಿಕ್ಕರೂ ಅದನ್ನು ನೆನೆಸಿ, ಒದ್ದೆ ತೆಂಗಿನ ನಾರಿನ ಹುಡಿಯಲ್ಲಿ ಕಟ್ಟಿ, ಫ್ರಿಜ್‌ನಲ್ಲಿ ಮೂರು ತಿಂಗಳಷ್ಟು ಕಾಲ ಇಟ್ಟ ಮೇಲೆ ಮೊಳಕೆ ಬರುತ್ತದೆ. ಮೊಳಕೆ ಕಂಡಾಗ ಆಗುವ ಸಂತೋಷ ನಿಜವಾದದ್ದೇ, ಆದರೆ ಅದನ್ನು ಮುಂದೆ ಯಾವ ಹವೆಗೆ ಒಪ್ಪಿಸುತ್ತಿದ್ದೇವೆ ಎಂಬುದನ್ನು ಯೋಚಿಸಿದರೆ ಆ ಕೆಲಸಕ್ಕೆ ಕೈ ಹಾಕಲು ನನಗೆ ಮನಸ್ಸು ಬರುವುದಿಲ್ಲ. ಊಟಿಯಂತೆ ಡಿಸೆಂಬರ್, ಜನವರಿಯಲ್ಲಿ ಇಬ್ಬನಿ ಹೆಪ್ಪುಗಟ್ಟುವ ಎತ್ತರದ ಊರಿನಲ್ಲಿ ಮನೆಯಿರುವವರು ಬೇಕಾದರೆ ಪ್ರಯತ್ನಿಸಲಿ.

ಇನ್ನು ಸಾಗಡೆಯ ವಿಷಯ. ಮೇಪಲ್‌ಗಳನ್ನು ಹಿಂದೆ ಪ್ರತ್ಯೇಕ ಕುಟುಂಬವೆಂದು ಎಣಿಸುತ್ತಿದ್ದರು. ಈಗಿನ ವರ್ಗೀಕರಣದಲ್ಲಿ ಅವು ಸ್ಯಾಪಿಂಡೇಸಿ ಎಂಬ ದೊಡ್ಡ ಕುಟುಂಬದೊಳಗೆ ಬಂದಿವೆ. ತಲೆ ತೊಳೆಯಲು ನಮ್ಮ ಹಿರಿಯರು ಬಳಸುತ್ತಿದ್ದ ಅಂಟುವಾಳ, ಈಗ ದಕ್ಷಿಣ ಕನ್ನಡದ ತೋಟಗಳಲ್ಲಿ ಹೆಚ್ಚುತ್ತಿರುವ ರಂಬುಟಾನ್, ಉತ್ತರದ ಲಿಚಿ, ಇವೆಲ್ಲ ಅದೇ ಕುಟುಂಬದವು. ಸಾಗಡೆಯೂ ಅಲ್ಲಿಯದೇ. ಉತ್ತರ ಭಾರತದಲ್ಲಿ ಕುಸುಮ್ ಎಂದು ಕರೆಯುವ ಈ ಮರದ ಮೇಲೆ ಅರಗಿನ ಹುಳು ಸಾಕಿ ಉತ್ತಮ ದರ್ಜೆಯ ಅರಗು ತೆಗೆಯುತ್ತಾರೆ, ಬೀಜದಿಂದ ಎಣ್ಣೆ ತೆಗೆಯುತ್ತಾರೆ, ಹುಳಿಸಿಹಿಯಾದ ಹಣ್ಣಿನ ತಿರುಳನ್ನು ಮಕ್ಕಳು ತಿನ್ನುತ್ತಾರೆ. ಮಳೆಗಾಲ, ಚಳಿಗಾಲಗಳಲ್ಲಿ ಅದು ಹತ್ತರೊಡನೆ ಹನ್ನೊಂದನೆಯ ಹಸಿರು ಮರವಾಗಿ ಕಾಡಿನೊಳಗೆ ಸೇರಿಹೋಗಿರುತ್ತದೆ. ತುಳುವರ ಮಾಯಿ ತಿಂಗಳು ಮುಗಿದು ಸುಗ್ಗಿ ತಿಂಗಳು ಕಾಲಿಡುವ ಹೊತ್ತಿಗೆ, ಅಂದರೆ ಮಾರ್ಚ್ ನಡುವಿನಲ್ಲಿ, ಹಳೆಯ ಎಲೆ ಉದುರಿ, ಇಡೀ ಮರ ಒಮ್ಮೆಲೇ ಕೆಂಪು ಚಿಗುರನ್ನು ಹೊದ್ದುಕೊಳ್ಳುತ್ತದೆ. ದೂರದಿಂದ ನೋಡಿದವರು ಅದನ್ನು ಹೂವೆಂದೇ ತಿಳಿಯುತ್ತಾರೆ.

ಹತ್ತಿರ ಹೋಗಿ ಒಂದು ಚಿಗುರನ್ನು ಕೈಯಲ್ಲಿ ಹಿಡಿದು ನೋಡಬೇಕು. ಒಂದು ಕಡ್ಡಿಗೆ ಎರಡರಿಂದ ನಾಲ್ಕು ಜೋಡಿ ಕಿರುಎಲೆಗಳು, ತುದಿಯ ಜೋಡಿ ಎಲ್ಲಕ್ಕಿಂತ ದೊಡ್ಡದು. ಅವು ಇನ್ನೂ ಗಟ್ಟಿಯಾಗಿರುವುದಿಲ್ಲ. ತೊಟ್ಟಿನಿಂದ ಜೋತುಬಿದ್ದು, ಎಣ್ಣೆ ಸವರಿದಂತೆ ಮಿನುಗುತ್ತಿರುತ್ತವೆ. ಬಿಸಿಲಿಗೆ ಎದುರು ಹಿಡಿದರೆ ನಾಳಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟ. ದಿನ ಕಳೆದಂತೆ ಆ ಕಡುಗೆಂಪು ಮೊದಲು ತಾಮ್ರದ ಬಣ್ಣಕ್ಕೆ, ಅಲ್ಲಿಂದ ಹಳದಿ ಬೆರೆತ ಎಳೆಹಸಿರಿಗೆ ತಿರುಗುತ್ತದೆ, ಜೋತಿದ್ದ ಎಲೆ ಮೆಲ್ಲಮೆಲ್ಲನೆ ಮೇಲೆದ್ದು ಅಡ್ಡಲಾಗಿ ನಿಲ್ಲುತ್ತದೆ. ಒಂದೇ ಮರದಲ್ಲಿ ಬಿಸಿಲು ಹೆಚ್ಚು ಬೀಳುವ ಕೊಂಬೆ ಒಂದು ಹಂತದಲ್ಲಿ, ಒಳಗಿನ ಕೊಂಬೆ ಇನ್ನೊಂದು ಹಂತದಲ್ಲಿ ಇರುವುದರಿಂದ ಈ ಎಲ್ಲ ಬಣ್ಣಗಳನ್ನೂ ಒಟ್ಟಿಗೆ ನೋಡುವ ಭಾಗ್ಯ ಆ ಕೆಲವು ದಿನಗಳಲ್ಲಿ ಸಿಗುತ್ತದೆ.

ಈ ಕೆಂಪೂ ಮೇಪಲ್‌ನ ಕೆಂಪೂ ಮೂಲದಲ್ಲಿ ಒಂದೇ ಬಗೆಯ ವರ್ಣದ್ರವ್ಯಗಳು, ಆಂಥೋಸಯನಿನ್‌ಗಳು. ಅಲ್ಲಿ ಮುದಿ ಎಲೆ ಮಾಡುವ ಕೆಲಸವನ್ನು ಇಲ್ಲಿ ಎಳೆ ಎಲೆ ಮಾಡುತ್ತದೆ. ಉಷ್ಣವಲಯದ ಎಷ್ಟೋ ಮರಗಳು ಎಲೆಯನ್ನು ಮೊದಲು ಪೂರ್ತಿ ಅಗಲಕ್ಕೆ ಬೆಳೆಸಿ, ಆಮೇಲೆ ಅದರಲ್ಲಿ ಪತ್ರಹರಿತ್ತನ್ನು ತುಂಬುತ್ತವೆ. ಎಳೆ ಎಲೆಯನ್ನು ತಿನ್ನುವ ಹುಳಗಳು ಇಲ್ಲಿ ಹೇರಳವಾಗಿರುವುದರಿಂದ, ಎಲೆ ಗಟ್ಟಿಯಾಗುವ ಮೊದಲೇ ಬೆಲೆಬಾಳುವ ಸಾರಜನಕವನ್ನು ಅದರಲ್ಲಿ ಹೂಡುವುದು ಮರಕ್ಕೆ ನಷ್ಟದ ಬಾಬ್ತು ಎಂಬುದು ಒಂದು ವಿವರಣೆ. ಎಳೆ ಅಂಗಾಂಶವನ್ನು ಕಡುಬಿಸಿಲಿನಿಂದ ಕಾಪಾಡಲು ಕೆಂಪು ನೆರವಾಗುತ್ತದೆಂಬುದು ಇನ್ನೊಂದು. ಜೋತುಬಿದ್ದ ಎಲೆಗೆ ಬಿಸಿಲು ನೇರವಾಗಿ ತಾಗುವುದೂ ಕಡಿಮೆ. ಹೀಗಾಗಿ ನಮ್ಮ ನಾಡಿನ ಎಲೆಬಣ್ಣದ ಋತುವೆಂದರೆ ಚಿಗುರಿನ ಋತು; ಅದನ್ನು ಅಕ್ಟೋಬರಿನಲ್ಲಿ ಹುಡುಕಿದರೆ ಸಿಗುವುದಿಲ್ಲ, ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹುಡುಕಿದರೆ ಆಗುಂಬೆಯ ಘಾಟಿಯಲ್ಲಿ, ಚಾರ್ಮಾಡಿಯಲ್ಲಿ, ಊರಿನ ಬನಗಳಲ್ಲಿ, ಮನೆಯ ಹಿತ್ತಿಲಲ್ಲಿಯೂ ಸಿಗುತ್ತದೆ. ಪುನರ್ಪುಳಿಯ (ಕೋಕಂ) ಚಿಗುರು ಕೆಂಪು, ದಾಲ್ಚಿನ್ನಿಯ ಚಿಗುರು ಕೆಂಪು, ಮಾವಿನದ್ದು ತಾಮ್ರ, ಅಶ್ವತ್ಥದ್ದು ನಸುಗೆಂಪು. ಕರಾವಳಿಯ ರಸ್ತೆಬದಿಗಳಲ್ಲಿ ಹಿಂದಿನವರು ಸಾಲಾಗಿ ನೆಟ್ಟ ಧೂಪದ ಮರಗಳ ಎಳೆ ಎಲೆಯೂ ಕಡುಗೆಂಪು. ರಸ್ತೆ ಅಗಲಗೊಳಿಸುವಾಗ ಆ ಸಾಲುಮರಗಳು ಒಂದೊಂದಾಗಿ ಇಲ್ಲವಾಗುತ್ತಿರುವುದು ನನಗೆ ಬಹಳ ನೋವಿನ ಸಂಗತಿ.

ಮುಪ್ಪಿನ ಎಲೆಯ ಕೆಂಪೇ ಬೇಕು, ಚಿಗುರು ಸಾಲದು ಎನ್ನುವವರಿಗೂ ಕರಾವಳಿಯಲ್ಲಿ ಒಂದು ಮರವಿದೆ. ಅದು ಕಾಡುಬಾದಾಮಿ. ಶಾಲೆಯ ಅಂಗಳ, ಬಸ್ ನಿಲ್ದಾಣ, ಕಡಲತೀರ ಎಲ್ಲೆಡೆ ಇರುವ ಕಾರಣಕ್ಕೇ ಅದನ್ನು ಯಾರೂ ಗಮನಿಸಿ ನೋಡುವುದಿಲ್ಲ. ಲಿನೇಯಸ್ 1767ರಲ್ಲಿ ಟರ್ಮಿನೇಲಿಯಾ ಕಟಪ್ಪಾ ಎಂದು ಹೆಸರಿಟ್ಟ ಈ ಮರದ ಕಾಯಿ ಉಪ್ಪುನೀರಿನಲ್ಲಿ ತೇಲಿ ದೂರ ದೂರದ ದಡ ಸೇರಬಲ್ಲದು. ಉಪ್ಪುಗಾಳಿಗೆ, ಮರಳಿಗೆ ಅದು ಹೆದರುವುದಿಲ್ಲ. ಡಿಸೆಂಬರ್ ಕೊನೆಯಿಂದ ಫೆಬ್ರವರಿಯೊಳಗೆ ಎಲೆಗಳು ಬಣ್ಣ ತಿರುಗುತ್ತವೆ. ಒಂದು ಎಲೆಯನ್ನು ಎತ್ತಿಕೊಳ್ಳಿ: ಅಂಗೈಗಿಂತ ದೊಡ್ಡದಾದ ಆ ಎಲೆ ತುದಿಯಲ್ಲಿ ಅಗಲ, ಬುಡದಲ್ಲಿ ಕಿರಿದು. ಹಸಿರು ಇನ್ನೂ ಉಳಿದಿರುವ ಕಡೆ ಅದು ಮಸುಕಾದ ಕಂದುಹಸಿರು, ಅದರ ಪಕ್ಕದಲ್ಲಿ ಕಿತ್ತಳೆ, ಮುಂದೆ ಹೋದಂತೆ ರಕ್ತದ ಕೆಂಪು. ನಡುನಾಳ ಮಾತ್ರ ಬಹಳ ಹೊತ್ತಿನವರೆಗೆ ಹಳದಿಯಾಗಿ ನಿಂತು ಆ ಕೆಂಪನ್ನು ಎರಡಾಗಿ ಸೀಳುತ್ತದೆ. ಕೊಂಬೆಗಳು ಅಂತಸ್ತು ಅಂತಸ್ತಾಗಿ ಅಡ್ಡಕ್ಕೆ ಚಾಚಿರುವುದರಿಂದ ಬಣ್ಣವೂ ಅಂತಸ್ತುಗಳಲ್ಲಿ ಹರಡಿಕೊಳ್ಳುತ್ತದೆ. ಮಲ್ಪೆಯ ಕಡೆ ಸಂಜೆಯ ಬಿಸಿಲು ಸಮುದ್ರದ ಮೇಲಿನಿಂದ ಓರೆಯಾಗಿ ಬಿದ್ದಾಗ ಇಂಥ ಮರವೊಂದನ್ನು ಪೂರ್ವದಿಂದ, ಅಂದರೆ ಎಲೆಯ ಮೂಲಕ ಬೆಳಕು ಹಾಯ್ದು ಬರುವ ದಿಕ್ಕಿನಿಂದ ನೋಡಿದವರು ಮೇಪಲ್‌ಗಾಗಿ ಹಂಬಲಿಸುವುದನ್ನು ಬಿಟ್ಟುಬಿಡುತ್ತಾರೆಂದು ನಾನು ನಂಬಿದ್ದೇನೆ.

ಎಲ್ಲ ಕಾಡುಬಾದಾಮಿಯೂ ಒಂದೇ ಬಗೆಯಲ್ಲಿ ಕೆಂಪಾಗುವುದಿಲ್ಲ. ಕೆಲವು ಹಳದಿಯಲ್ಲೇ ನಿಂತು ಉದುರುತ್ತವೆ. ಆದ್ದರಿಂದ ನೆಡುವ ಮನಸ್ಸಿದ್ದವರು ಜನವರಿಯಲ್ಲಿ ಊರಿನ ಮರಗಳನ್ನು ಸುತ್ತಾಡಿ ನೋಡಿ, ಕಡುಗೆಂಪಾಗುವ ಮರವನ್ನು ಗುರುತಿಟ್ಟು, ಅದರ ಬುಡದಲ್ಲಿ ಬಿದ್ದ ಮಾಗಿದ ಕಾಯಿಗಳನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಬೀಜದ ಗಿಡ ತಾಯಿಮರದಂತೆಯೇ ಆಗಬೇಕೆಂದಿಲ್ಲ, ಆದರೂ ಆಯ್ದು ನೆಡುವುದರಲ್ಲಿ ಅರ್ಥವಿದೆ. ಬಿಸಿಲು ಚೆನ್ನಾಗಿ ಬೀಳುವ ಜಾಗವನ್ನೇ ಕೊಡಬೇಕು. ಮನೆಯ ಮಾಡಿನಿಂದ ಕನಿಷ್ಠ 25 ಅಡಿ ದೂರವಿರಲಿ, ತೆರೆದ ಬಾವಿಯಿಂದ ಇನ್ನೂ ದೂರ. ಆ ದೊಡ್ಡ ಎಲೆಗಳು ಮಾಡಿನ ನೀರು ಹರಿಯುವ ದಂಬೆಯಲ್ಲಿ ಕೂತರೆ ಮಳೆನೀರು ಒಳಗೆ ನುಗ್ಗುತ್ತದೆ. ಉದುರಿದ ತರಗೆಲೆಯನ್ನು ಸುಡಬೇಡಿ, ತೆಂಗಿನ ಬುಡಕ್ಕೆ ಹಾಕಿದರೆ ಬೇಸಗೆಯ ತೇವವನ್ನು ಅದು ಕಾಯುತ್ತದೆ. ಅಲಂಕಾರಿಕ ಮೀನು ಸಾಕುವವರು ಇದೇ ಎಲೆಯನ್ನು ಒಣಗಿಸಿ ತೊಟ್ಟಿಯ ನೀರಿಗೆ ಹಾಕುತ್ತಾರೆ.

ಜಾಗ ಕಡಿಮೆ ಇದ್ದು ಒಂದೇ ಮರ ನೆಡಬಹುದಾದವರಿಗೆ ನನ್ನ ಸಲಹೆ ನಾಗಸಂಪಿಗೆ. ಅದು ತೀರ ಮೆಲ್ಲಗೆ ಬೆಳೆಯುವ ಮರ, ಅಂಗಳವನ್ನು ಬೇಗನೆ ಆಕ್ರಮಿಸುವುದಿಲ್ಲ. ಎಳೆಯ ಪ್ರಾಯದಲ್ಲಿ ಶಂಕುವಿನಾಕಾರದಲ್ಲಿ ಒತ್ತಾಗಿ ಬೆಳೆಯುತ್ತದೆ. ಚಿಗುರಿದಾಗ ಕೊಂಬೆಕೊಂಬೆಯ ತುದಿಯಿಂದ ಕೆಂಪು, ನಸುಗೆಂಪು ಎಲೆಗಳು ಕುಚ್ಚುಗಳಾಗಿ ಇಳಿಬೀಳುತ್ತವೆ. ಅದರ ಜೊತೆಗೆ ನಡುವೆ ಹಳದಿ ಕೇಸರಗಳಿರುವ, ಪರಿಮಳದ ಬಿಳಿ ಹೂವು. ಶ್ರೀಲಂಕಾ ಇದನ್ನು ತನ್ನ ರಾಷ್ಟ್ರೀಯ ವೃಕ್ಷವಾಗಿ ಆರಿಸಿಕೊಂಡಿದೆ. ಫ್ಲ್ಯಾಟಿನ ಬಾಲ್ಕನಿಯಲ್ಲಿರುವವರು ದೊಡ್ಡ ಕುಂಡದಲ್ಲಿ ದಾಲ್ಚಿನ್ನಿಯನ್ನು ಬೆಳೆಸಿ, ಆಗಾಗ ತುದಿ ಚಿವುಟುತ್ತಿದ್ದರೆ ಪ್ರತಿ ಸಲವೂ ಕೆಂಪು ಚಿಗುರು ಬರುತ್ತದೆ. ಕ್ರೋಟಾನ್ ಗಿಡದ ಬಣ್ಣವೂ ಚೆಂದವೇ, ಆದರೆ ಅದು ವರ್ಷವಿಡೀ ಒಂದೇ ತೆರ. ಬರುತ್ತದೆಂದು ಕಾಯುವುದು, ಬಂದದ್ದು ಹೋಗುವುದು, ಇದಿಲ್ಲದಿದ್ದರೆ ಎಲೆಬಣ್ಣದ ಸುಖ ಅರ್ಧವೆಂದೇ ನನ್ನ ಭಾವನೆ.

ಇನ್ನೊಂದು ವಿಷಯವನ್ನು ದೊಡ್ಡ ಜಾಗವಿರುವವರು ಗಮನಿಸಬೇಕು. ಚಳಿದೇಶದ ಕಾಡಿನಲ್ಲಿ ಹಗಲಿನ ಉದ್ದವೇ ಹೆಚ್ಚಿನ ಮರಗಳಿಗೆ ಮುಖ್ಯ ಗಡಿಯಾರವಾದ್ದರಿಂದ ಅವು ಹೆಚ್ಚುಕಡಿಮೆ ಒಟ್ಟಿಗೆ ಬಣ್ಣ ತಿರುಗುತ್ತವೆ. ಇಲ್ಲಿ ಒಂದೊಂದು ಜಾತಿಗೂ ತನ್ನದೇ ಸಮಯ, ಒಂದೇ ಜಾತಿಯ ಎರಡು ಮರಗಳೂ ವಾರಗಳಷ್ಟು ಹಿಂದೆಮುಂದೆ. ಗುಡ್ಡವಿಡೀ ಏಕಕಾಲಕ್ಕೆ ಕೆಂಪಾಗುವ ನೋಟವನ್ನು ನಾವು ನಿರೀಕ್ಷಿಸುವಂತಿಲ್ಲ. ಆದರೆ ಕಾಡುಬಾದಾಮಿ, ನಾಗಸಂಪಿಗೆ, ಸಾಗಡೆ ಮೂರನ್ನೂ ನೆಟ್ಟರೆ ಜನವರಿಯಿಂದ ಏಪ್ರಿಲ್ ನಡುವಿನ ಬಿಸು ಹಬ್ಬದ ವರೆಗೆ ಒಂದಲ್ಲ ಒಂದು ಮರ ಬಣ್ಣದಲ್ಲಿರುತ್ತದೆ. ಈ ಹೊಂದಾಣಿಕೆ ಮೇಪಲ್ ತೋಟ ಮಾಡಿದವರಿಗೂ ಸಿಗುವುದಿಲ್ಲ.

ನೆಡುವ ಕ್ರಮ ಕಷ್ಟದ್ದೇನಲ್ಲ. ಸಾಗಡೆಯ ಹಣ್ಣು ಜೂನ್, ಜುಲೈಯಲ್ಲಿ ಮಾಗುತ್ತದೆ. ಬೀಜದ ಜೀವ ಬಹುಕಾಲ ಉಳಿಯುವುದಿಲ್ಲವಾದ್ದರಿಂದ ತಿರುಳು ತೆಗೆದು, ಒಂದು ದಿನ ನೀರಿನಲ್ಲಿ ನೆನೆಸಿ, ಕೂಡಲೇ ಬಿತ್ತಬೇಕು. ನಾಗಸಂಪಿಗೆಯ ಬೀಜಕ್ಕೂ ಇದೇ ಮಾತು. ಸಸಿಗಳನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಒಂದು ವರ್ಷವಾದರೂ ಬೆಳೆಸಿ, ಮೇ ಕೊನೆಯ ವಾರದಲ್ಲಿ ಬರುವ ಪತ್ತನಾಜೆ ಕಳೆದು ಮೊದಲ ಮಳೆ ನೆಲಕ್ಕೆ ಇಳಿದ ಮೇಲೆ ನೆಡಬಹುದು. ಮುರಕಲ್ಲು ಮೇಲೆಯೇ ಇರುವ ಜಾಗವಾದರೆ ಪಿಕ್ಕಾಸು ಹಿಡಿದು ಮೂರಡಿ ಉದ್ದ, ಅಗಲ, ಆಳದ ಗುಂಡಿ ತೋಡಲೇಬೇಕು, ಅದಕ್ಕಿಂತ ಕಿರಿದಾದರೆ ಬೇರು ಕಲ್ಲಿಗೆ ಬಡಿದು ಗಿಡ ಅಲ್ಲೇ ಕುಗ್ಗುತ್ತದೆ. ಮೇಲ್ಮಣ್ಣು, ಸುಡುಮಣ್ಣು, ಹಳೆಯ ಹಟ್ಟಿಗೊಬ್ಬರ ಬೆರೆಸಿ ತುಂಬಿ, ಬುಡವನ್ನು ಸುತ್ತಲಿನ ನೆಲಕ್ಕಿಂತ ತುಸು ಎತ್ತರಿಸಬೇಕು. ಕಲ್ಲಿನಲ್ಲಿ ತೋಡಿದ ಗುಂಡಿಯಲ್ಲಿ ಆಟಿಯ ನೀರು ನಿಂತುಬಿಡುತ್ತದೆ, ಆದ್ದರಿಂದ ಇಳಿಜಾರಿನ ಕಡೆಗೆ ನೀರು ಹರಿಯಲು ಒಂದು ಕಣಿ ಬಿಡಿಸಿಡುವುದು ಅಗತ್ಯ. ಮೊದಲ ಎರಡು ಬೇಸಗೆಗಳಲ್ಲಿ ನೀರುಣಿಸಿ ಬುಡಕ್ಕೆ ತರಗೆಲೆ ಹೊದಿಸಿದರೆ ಆಮೇಲೆ ಮರ ತನ್ನನ್ನು ತಾನೇ ನೋಡಿಕೊಳ್ಳುತ್ತದೆ. ನಾಗಸಂಪಿಗೆಯ ಎಳೆ ಸಸಿಗೆ ಅರೆನೆರಳು ಹಿತ, ಹಾಗಾಗಿ ಪಶ್ಚಿಮದ ಬಿಸಿಲಿಗೆ ತೆಂಗಿನ ಮಡಲಿನ ಮರೆ ಕಟ್ಟಿ.

ಮರಗಳನ್ನು ಗುರುತಿಸಲು ಕಲಿಯಬೇಕೆಂದಿದ್ದರೆ ಮಂಗಳೂರಿನ ಪಿಲಿಕುಳದ ಸಸ್ಯವನಕ್ಕೆ ಹೋಗಿ ಬನ್ನಿ. ಪಶ್ಚಿಮ ಘಟ್ಟದ ಮರಗಳನ್ನು ಅಲ್ಲಿ ಒಟ್ಟುಗೂಡಿಸಿ ಬೆಳೆಸಿದ್ದಾರೆ, ಚಿಗುರು ನೋಡುವುದಾದರೆ ಮಾರ್ಚ್ ತಿಂಗಳು ಸೂಕ್ತ. ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಮಳೆಗಾಲದ ಆರಂಭಕ್ಕೆ ಕಾಡುಮರಗಳ ಸಸಿಗಳು ಕಡಿಮೆ ದರದಲ್ಲಿ ಸಿಗುತ್ತವೆ. ಸಾಗಡೆ ಎಲ್ಲ ವರ್ಷವೂ ಇರುವುದಿಲ್ಲ, ಆದ್ದರಿಂದ ಮೇ ತಿಂಗಳಲ್ಲೇ ವಿಚಾರಿಸಿ ಹೆಸರು ಬರೆಸಿಡುವುದು ಕ್ಷೇಮ.